ನಿಲ್ಲುವ ಜಾಗ ಮೊದಲು, ಲೆನ್ಸ್ ಆಮೇಲೆ

(ಹಾಸನದಲ್ಲಿ ಹವ್ಯಾಸಿ ಫೋಟೋಗ್ರಾಫರ್‌ಗಳ ಎದುರು ಆಡಿದ ಮಾತುಗಳ ಬರಹ ರೂಪ)

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತದವರು ಈ ಕೋಣೆಯಲ್ಲಿ ಯಾರೂ ಇರಲಿಕ್ಕಿಲ್ಲ. 600ಕ್ಕೂ ಹೆಚ್ಚು ಮೆಟ್ಟಿಲು. ಬರಿಗಾಲು. ಮೇಲೆ ಹೋಗಿ ಗೊಮ್ಮಟನ ಮುಂದೆ ನಿಂತರೆ ಮೊದಲು ಕತ್ತೆತ್ತಿ ನೋಡುತ್ತೇವೆ. 57 ಅಡಿ. ಆಮೇಲೆ ಕ್ಯಾಮೆರಾ ತೆಗೆದು, ಪೂರ್ತಿ ಮೂರ್ತಿ ಹಿಡಿಸಬೇಕು ಅಂತ ಹಿಂದೆ ಹಿಂದೆ ಸರಿಯುತ್ತೇವೆ. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಗೋಡೆಯೋ ಕಂಬವೋ ತಾಕುತ್ತದೆ. ಇನ್ನು ಹಿಂದೆ ಹೋಗಲು ಜಾಗ ಇಲ್ಲ. ಆಗ ಜೂಮ್ ರಿಂಗನ್ನು ಅಗಲದ ಕಡೆಗೆ ಪೂರ್ತಿ ತಿರುಗಿಸಿ ಒತ್ತುತ್ತೇವೆ. ಮನೆಗೆ ಬಂದು ನೋಡಿದರೆ ಪಾದ ದೊಡ್ಡದು, ತಲೆ ಚಿಕ್ಕದು. ಆ ಶಾಂತವಾದ ಮುಖ ಎಲ್ಲೋ ಮೇಲೆ, ಆಕಾಶದಲ್ಲಿ ಕಳೆದುಹೋಗಿದೆ.

ಈಗ ಕೆಳಗಿಳಿದು, ಕಲ್ಯಾಣಿ ದಾಟಿ, ಎದುರಿನ ಚಿಕ್ಕಬೆಟ್ಟ ಹತ್ತಿ. ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ, ಚಿಕ್ಕಬೆಟ್ಟ ಇರುವುದೂ ಉತ್ತರಕ್ಕೇ. ಅಂದರೆ ಅವನು ನಿಮ್ಮ ಕಡೆಗೇ ನೋಡುತ್ತಿದ್ದಾನೆ. ದೂರದ್ದನ್ನು ಹತ್ತಿರ ತರುವ ಉದ್ದದ ಲೆನ್ಸ್ ಹಾಕಿದರೆ ಗೋಡೆಯ ಮೇಲೆ ಎದ್ದು ನಿಂತ ಭುಜ, ಮುಖ, ಗುಂಗುರು ಕೂದಲು ಕಾಣುತ್ತವೆ. ಪ್ರಮಾಣ ಸರಿಯಾಗಿದೆ. ಮುಖ ಮುಖದ ಹಾಗೇ ಇದೆ.

ನನಗೆ ಬಹಳ ದಿನ ಇದು ಲೆನ್ಸಿನ ಕೆಲಸ ಅಂತ ಅನ್ನಿಸಿತ್ತು. ಹಾಗಲ್ಲ. ಅಂಗಳದಲ್ಲಿ ಪಾದ ನನ್ನಿಂದ 10 ಮೀಟರ್ ದೂರದಲ್ಲಿದ್ದರೆ, ತಲೆ ಹೆಚ್ಚು ಕಡಿಮೆ ಅದರ ಎರಡರಷ್ಟು ದೂರದಲ್ಲಿರುತ್ತದೆ. ದೂರದ್ದು ಚಿಕ್ಕದಾಗಿ ಕಾಣಲೇಬೇಕು. ಎದುರು ಬೆಟ್ಟದಿಂದ ನೋಡಿದಾಗ ಪಾದಕ್ಕೂ ತಲೆಗೂ ದೂರದಲ್ಲಿ ವ್ಯತ್ಯಾಸವೇ ಇಲ್ಲ ಅನ್ನುವಷ್ಟು ಕಡಿಮೆ. ಮುಖ ಸರಿಹೋಗಿದ್ದು ನಾನು ನಿಂತ ಜಾಗ ಬದಲಾಗಿದ್ದರಿಂದ. ಆ ಜಾಗದಿಂದ ಎಷ್ಟು ಭಾಗವನ್ನು ಚೌಕಟ್ಟಿನೊಳಗೆ ತರಬೇಕು ಅನ್ನುವುದನ್ನು ಮಾತ್ರ ಲೆನ್ಸ್ ಮಾಡಿತು.

ಹಾಗಾಗಿ ಯಾರಾದರೂ ಬಂದು "ಯಾವ ಲೆನ್ಸ್ ಒಳ್ಳೇದು ಸರ್?" ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: "ನೀವು ಎಲ್ಲಿ ನಿಲ್ಲುತ್ತೀರಿ?" ಇವತ್ತು ನಾನು ಹೇಳುವ ಎಲ್ಲದರ ಬೇರು ಇದೇ.

ಮೊದಲು ಕ್ಯಾಮೆರಾದ ಬಗ್ಗೆ ಸ್ವಲ್ಪ. ಮಿರರ್‌ಲೆಸ್ ಅಂತ ಎಲ್ಲರೂ ಹೇಳುತ್ತೇವೆ. ಹಳೆಯ ಎಸ್‌ಎಲ್‌ಆರ್ ಒಳಗೆ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಕನ್ನಡಿ ಇರುತ್ತಿತ್ತು. ಅದು ಮೇಲೆ ಕೆಳಗೆ ಆಡಲು ಜಾಗ ಬೇಕು. ಬಾಡಿಯ ಮೇಲೆ ಲೆನ್ಸ್ ಕೂರುವ ಬಳೆಗೆ ಮೌಂಟ್ ಅನ್ನುತ್ತೇವೆ. ನಿಕಾನ್ ಎಫ್ ಮೌಂಟಿನಲ್ಲಿ ಆ ಅಂತರ 46.5 ಎಂಎಂ. ಕನ್ನಡಿ ತೆಗೆದುಬಿಟ್ಟರೆ ಅಷ್ಟು ಜಾಗ ಬೇಕಾಗುವುದಿಲ್ಲ. ಒಲಿಂಪಸ್ ಮತ್ತು ಪ್ಯಾನಸಾನಿಕ್ ಸೇರಿ 2008ರಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಅನ್ನುವ ಪದ್ಧತಿ ತಂದಾಗ ಆ ಅಂತರವನ್ನು 19.25 ಎಂಎಂಗೆ ಇಳಿಸಿದವು. ಅದೇ ವರ್ಷ ಬಂದ ಪ್ಯಾನಸಾನಿಕ್ ಜಿ1 ಈ ಪದ್ಧತಿಯ ಮೊದಲ ಕ್ಯಾಮೆರಾ. 2010ರಲ್ಲಿ ಸೋನಿ, 2012ರಲ್ಲಿ ಫ್ಯೂಜಿ ಎಕ್ಸ್ ಮೌಂಟ್, 2018ರಲ್ಲಿ ಕ್ಯಾನನ್ ಆರ್ ಮತ್ತು ನಿಕಾನ್ ಝಡ್. ಬಾಡಿ ತೆಳ್ಳಗಾಯಿತು. ಸೆನ್ಸರ್, ಅಂದರೆ ಫಿಲ್ಮಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಫಲಕ, ಚಿಕ್ಕದಾದಲ್ಲಿ ಲೆನ್ಸೂ ಚಿಕ್ಕದಾಯಿತು. ನಮ್ಮಂಥವರಿಗೆ ದೊಡ್ಡ ಲಾಭ ಆ ಎರಡನೆಯದು.

ಇನ್ನೊಂದು ಲೆಕ್ಕ ತಿಳಿದಿರಲಿ, ಅಂಗಡಿಯಲ್ಲಿ ಗೊಂದಲ ಆಗುವುದು ಇಲ್ಲೇ. ಫುಲ್ ಫ್ರೇಮ್ ಸೆನ್ಸರ್ 36ಕ್ಕೆ 24 ಎಂಎಂ. ಮೈಕ್ರೋ ಫೋರ್ ಥರ್ಡ್ಸ್ 17.3ಕ್ಕೆ 13. ಸೆನ್ಸರ್ ಚಿಕ್ಕದಾದರೆ ಅದೇ ಲೆನ್ಸ್ ನೋಟದ ಕಿರಿದಾದ ಭಾಗವನ್ನಷ್ಟೇ ಹಿಡಿಯುತ್ತದೆ. ಅದಕ್ಕೆ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಲೆನ್ಸಿನ ಮೇಲೆ ಬರೆದ ಎಂಎಂ ಸಂಖ್ಯೆಯನ್ನು (ಚಿಕ್ಕದಾದರೆ ಅಗಲದ ನೋಟ, ದೊಡ್ಡದಾದರೆ ಉದ್ದದ ಲೆನ್ಸ್) 2ರಿಂದ ಗುಣಿಸಬೇಕು. ಸೋನಿ, ಫ್ಯೂಜಿಯ ಎಪಿಎಸ್-ಸಿ (ಈ ಎರಡರ ನಡುವಿನ ಅಳತೆಯ ಸೆನ್ಸರ್) ಕ್ಯಾಮೆರಾಗಳಲ್ಲಿ 1.5, ಕ್ಯಾನನ್‌ನಲ್ಲಿ 1.6. ಕ್ಯಾಮೆರಾದ ಜೊತೆಗೇ ಬಂದ ನನ್ನ 14ರಿಂದ 42ರ ಕಿಟ್ ಲೆನ್ಸ್ ಫುಲ್ ಫ್ರೇಮಿನ 28ರಿಂದ 84ಕ್ಕೆ ಸಮ. ನಾನು ಇವತ್ತು ಹೇಳುವ ಸಂಖ್ಯೆಗಳೆಲ್ಲ ಮೈಕ್ರೋ ಫೋರ್ ಥರ್ಡ್ಸ್‌ನವು, ಯಾಕೆಂದರೆ ನನ್ನ ಚೀಲದಲ್ಲಿ ಇರುವುದು ಅದು. ನಿಮ್ಮದು ಬೇರೆಯಾದರೆ ಗುಣಿಸಿ ಭಾಗಿಸಿಕೊಳ್ಳಿ.

ಕಿಟ್ ಲೆನ್ಸನ್ನು ಕೀಳಾಗಿ ನೋಡಬೇಡಿ. ಅದು ನಿಮ್ಮ ಮೊದಲ ಮೇಷ್ಟ್ರು. ಆರು ತಿಂಗಳು ಅದರಲ್ಲೇ ತೆಗೆಯಿರಿ. ಆಮೇಲೆ ಒಂದು ಸಂಜೆ ಕೂತು, ನಿಮಗೆ ಇಷ್ಟವಾದ ಫೋಟೋಗಳನ್ನು ಮಾತ್ರ ಬೇರೆ ಫೋಲ್ಡರಿಗೆ ಹಾಕಿ. ಪ್ರತಿ ಫೋಟೋದ ವಿವರ ತೆರೆದರೆ ಯಾವ ಎಂಎಂನಲ್ಲಿ ತೆಗೆದದ್ದು ಅಂತ ಕಾಣುತ್ತದೆ. ಬರೆದುಕೊಳ್ಳಿ. ನಾನು ಹೀಗೆ ಮಾಡಿದಾಗ ನನಗೇ ಆಶ್ಚರ್ಯ ಆಯಿತು. ಬಹಳಷ್ಟು ಫೋಟೋ ಒಂದೋ 14ರಲ್ಲಿ ಇದ್ದವು, ಇಲ್ಲವೇ 42ರಲ್ಲಿ. ನಡುವೆ ಬೆರಳೆಣಿಕೆಯಷ್ಟು. ಅದರಲ್ಲೂ 42ರವು ಜಾಸ್ತಿ, ಎಲ್ಲವೂ ಜನರ ಮುಖ. ನನಗೆ ಬೇಕಿದ್ದದ್ದು ಇನ್ನೂ ಅಗಲದ ಲೆನ್ಸ್ ಅಲ್ಲ, ಸ್ವಲ್ಪ ಉದ್ದದ, ಬೆಳಕು ಹೆಚ್ಚು ಬಿಡುವ ಲೆನ್ಸ್ ಅಂತ ಆ ಪಟ್ಟಿ ಹೇಳಿತು. ಅದಕ್ಕೂ ಮೊದಲು ನಾನು ಅಗಲದ ಲೆನ್ಸ್ ಕೊಳ್ಳಲು ದುಡ್ಡು ಕೂಡಿಡುತ್ತಿದ್ದೆ.

ಬೇಲೂರಿಗೆ ಹೋಗೋಣ. 1117ರ ಗುಡಿ. ನೀವು ಹತ್ತು ಸಲ ನೋಡಿದ್ದೀರಿ. ಈ ಸಲ ಕಾಲ ಕೆಳಗೆ ನೋಡಿ. ಗುಡಿ ಜಗತಿಯ ಮೇಲೆ, ಅಂದರೆ ಎತ್ತರದ ಕಲ್ಲುಕಟ್ಟೆಯ ಮೇಲೆ ನಿಂತಿದೆ. ನೀವು ಒಂದೋ ಜಗತಿಯ ಮೇಲೆ ನಿಲ್ಲಬಹುದು, ಇಲ್ಲವೇ ಇಳಿದು ಅಂಗಳದಲ್ಲಿ ನಿಲ್ಲಬಹುದು. ನಡುವೆ ನಿಲ್ಲಲು ಆಗುವುದಿಲ್ಲ. ಜಗತಿಯ ಅಗಲವೇ ನಿಮ್ಮ ಲೆನ್ಸನ್ನು ಆರಿಸಿಬಿಡುತ್ತದೆ. ಮೇಲೆ ನಿಂತರೆ ಗೋಡೆಯ ಸಾಲು ಶಿಲ್ಪಗಳು ಕೈಗೆಟುಕುವಷ್ಟು ಹತ್ತಿರ. ಅಲ್ಲಿಗೆ 20 ಅಥವಾ 25 ಎಂಎಂ ಸಾಕು. ಆದರೆ ಮದನಿಕೆಯರು ಇರುವುದು ಮೇಲೆ, ಸೂರಿನ ಅಡಿಯಲ್ಲಿ, ಮುಂದಕ್ಕೆ ಬಾಗಿ. ಜಗತಿಯ ಮೇಲಿಂದ ಅವರನ್ನು ತೆಗೆದರೆ ಗಲ್ಲದ ಅಡಿ ಮಾತ್ರ ಸಿಗುತ್ತದೆ. ಅಂಗಳಕ್ಕೆ ಇಳಿದು, ದೂರ ಹೋಗಿ, 40ರಿಂದ 150ರ ಜೂಮ್ ಹಾಕಿ, 120, 130ರ ಹತ್ತಿರ ತನ್ನಿ. ಆಗ ದರ್ಪಣ ಸುಂದರಿ ಕನ್ನಡಿ ಹಿಡಿದು ತನ್ನ ಪಾಡಿಗೆ ತಾನು ನಿಂತಿರುವುದು ಕಾಣುತ್ತದೆ.

ಆ ಜೂಮ್ ಲೆನ್ಸ್ ಒಲಿಂಪಸ್‌ನದು, ತೂಕ 190 ಗ್ರಾಂ. ಒಂದು ದೊಡ್ಡ ಲೋಟ ಕಾಫಿಯಷ್ಟು. ಬಿರುಬಿಸಿಲಿನಲ್ಲಿ, ಕಲ್ಲು ಸುಡುತ್ತಿರುವಾಗ, ಬರಿಗಾಲಲ್ಲಿ ನಡೆಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಫುಲ್ ಫ್ರೇಮಿನ 70-200, ಎಫ್ 2.8 ಲೆನ್ಸ್ ಒಂದೇ ಒಂದೂವರೆ ಕಿಲೋ ಹತ್ತಿರ ತೂಗಬಹುದು. ಚಿತ್ರ ಅದರಲ್ಲಿ ಚೆನ್ನಾಗಿ ಬರುತ್ತದೆ, ಅನುಮಾನವೇ ಇಲ್ಲ. ಆದರೆ ಅದನ್ನು ಹೊತ್ತು ದೊಡ್ಡಬೆಟ್ಟ ಹತ್ತುತ್ತೀರಾ? ಹತ್ತುವವರು ಕೊಳ್ಳಿ. ಮನೆಯಲ್ಲಿ ಬಿಟ್ಟು ಬರುವ ಲೆನ್ಸಿನಿಂದ ಯಾವ ಫೋಟೋವೂ ಬರುವುದಿಲ್ಲ.

ಬೇಲೂರಿನ ಬೆಳಕಿನ ಬಗ್ಗೆ ಒಂದು ಮಾತು. ಮಧ್ಯಾಹ್ನ ಫೋಟೋ ತೆಗೆಯಬಾರದು ಅಂತ ಎಲ್ಲರೂ ಹೇಳುತ್ತಾರೆ. ಮದನಿಕೆಯರ ವಿಷಯದಲ್ಲಿ ಅದು ಪೂರ್ತಿ ನಿಜ ಅಲ್ಲ. ಸೂರು ನೆರಳು ಕೊಡುತ್ತದೆ, ಕೆಳಗಿನ ಕಲ್ಲುಹಾಸು ಬಿಸಿಲನ್ನು ಮೇಲಕ್ಕೆ ಎಸೆಯುತ್ತದೆ. ಆ ಮೆದು ಬೆಳಕು ಕೆಳಗಿನಿಂದ ಮುಖಕ್ಕೆ ಬೀಳುತ್ತದೆ. ಕಣ್ಣಲ್ಲಿ ನೋಡಿ, ನಂಬಿಕೆ ಬರುತ್ತದೆ.

ಇನ್ನು ಒಳಗೆ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಅಲ್ಲಿ ಕಿಟ್ ಲೆನ್ಸ್ ಕೈ ಚೆಲ್ಲುತ್ತದೆ. 42 ಎಂಎಂನಲ್ಲಿ ಅದು ಕೊಡುವ ದೊಡ್ಡ ಅಪರ್ಚರ್ ಎಫ್ 5.6. ಎಫ್ ಸಂಖ್ಯೆ ಅಂದರೆ ಏನು? ಲೆನ್ಸಿನ ಎಂಎಂ ಅನ್ನು ಬೆಳಕು ಬರುವ ಕಿಂಡಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ. ಅದಕ್ಕೇ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 45 ಎಂಎಂ, ಎಫ್ 1.8 ಲೆನ್ಸ್ ಹಾಕಿದರೆ ಎಫ್ 5.6ಕ್ಕಿಂತ ಹೆಚ್ಚು ಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸಂಖ್ಯೆ. ಐಎಸ್‌ಒ 6400ರಲ್ಲಿ ತರಿತರಿಯಾಗಿ ಬರುತ್ತಿದ್ದ ಕಂಬ 640ರಲ್ಲಿ ನುಣ್ಣಗೆ ಬರುತ್ತದೆ. ಟ್ರೈಪಾಡ್ ಇಟ್ಟರೆ ಆಗುವುದಿಲ್ಲವೇ ಅಂತ ಕೇಳಬಹುದು. ಇಂಥ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಈಗಿನ ಅನೇಕ ಬಾಡಿಗಳಲ್ಲಿ ಕೈ ನಡುಕ ತಡೆಯುವ ವ್ಯವಸ್ಥೆ ಇದೆ. ಕಲ್ಲಿನ ಕಂಬಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಡುಗುವುದು ನಮ್ಮ ಕೈ ಒಂದೇ ಅಲ್ಲವಲ್ಲ. ಮಗು ಓಡಿದರೆ, ನಾಟ್ಯದವರು ತಿರುಗಿದರೆ, ಆ ವ್ಯವಸ್ಥೆ ಏನೂ ಮಾಡಲಾರದು. ಅಲ್ಲಿ ಎಫ್ 1.8 ಬೇಕೇ ಬೇಕು.

ಈ 45ರ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೇನೆ, ನನಗೆ ತುಂಬ ಪ್ರೀತಿಯ ಲೆನ್ಸ್. ಒಲಿಂಪಸ್ ಇದನ್ನು 2011ರಲ್ಲಿ ತಂದಿತು. 116 ಗ್ರಾಂ. ಸಕಲೇಶಪುರದ ಹತ್ತಿರ ಒಂದು ತೋಟದ ಕಣ. ಹಣ್ಣು ಕುಯ್ಲು ಮುಗಿಯುತ್ತಾ ಬಂದಿತ್ತು. ಒಬ್ಬರು ಅಕ್ಕ ಒಣಗುವ ಕಾಫಿಯನ್ನು ಕಾಲಲ್ಲಿ ಸಾಲು ಸಾಲಾಗಿ ಎಳೆಯುತ್ತಿದ್ದರು.

"ಅಕ್ಕಾ, ಒಂದು ಫೋಟೋ ತೆಗೀಲಾ?" ಅಂದೆ.

"ತೆಗೀರಿ. ಆದ್ರೆ ನಂಗೊಂದು ಕೊಡ್ಬೇಕು" ಅಂದರು.

ನಾನು ಅವರಿಂದ ಸುಮಾರು ಆರು ಅಡಿ ದೂರದಲ್ಲಿ ನಿಂತಿದ್ದೆ. ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ 45ರಲ್ಲಿ ತಲೆಯಿಂದ ಸೊಂಟದವರೆಗೆ ಬರುತ್ತದೆ. ಆರು ಅಡಿ ಅಂದರೆ ಇಬ್ಬರು ನಿಂತು ಮಾತಾಡುವ ದೂರ. 14ರಲ್ಲಿ ಅದೇ ಫೋಟೋ ತೆಗೆಯಬೇಕಾದರೆ ಅವರ ಮೂಗಿನ ಹತ್ತಿರ ಹೋಗಬೇಕಿತ್ತು, ಮುಖವೂ ಉಬ್ಬುತ್ತಿತ್ತು. 150ರಲ್ಲಿ ಆದರೆ ಕಣದ ಆಚೆಯ ಬದಿಗೆ ಹೋಗಿ, ಕೂಗಿ ಮಾತಾಡಬೇಕಿತ್ತು. 45ರಲ್ಲಿ ಮಾತು ಮುಂದುವರಿಯಿತು. ಮಗಳು ಹಾಸನದಲ್ಲಿ ಓದುತ್ತಿರುವುದು, ಈ ಸಲ ಮಳೆ ಕೈಕೊಟ್ಟಿದ್ದು, ಎಲ್ಲ ಹೇಳಿದರು. ಮಾತಿನ ನಡುವೆ ಒಂದು ಸಲ ನಕ್ಕರು. ಅದೇ ಫೋಟೋ. ಪ್ರಿಂಟ್ ಹಾಕಿಸಿ ಕೊಟ್ಟು ಬಂದೆ. ನೀವೂ ಕೊಡಿ. ಕೇಳಿದವರಿಗೆ ಪ್ರಿಂಟ್ ಕೊಡದೆ ಇರಬೇಡಿ.

ಒಂದು ವಿಷಯ ಮುಚ್ಚಿಡಬಾರದು. ಚಿಕ್ಕ ಸೆನ್ಸರಿನಲ್ಲಿ ಹಿನ್ನೆಲೆ ಅಷ್ಟು ಮಸುಕಾಗುವುದಿಲ್ಲ. ನನ್ನ 45, ಎಫ್ 1.8ರಲ್ಲಿ ಬರುವ ಬ್ಲರ್ ಫುಲ್ ಫ್ರೇಮಿನ 90 ಎಂಎಂ, ಎಫ್ 3.6ರಷ್ಟು. ಬೆಳಕಿನ ಲೆಕ್ಕಕ್ಕೆ ಅದು 1.8ರೇ, ಬ್ಲರಿನ ಲೆಕ್ಕಕ್ಕೆ ಮಾತ್ರ ಹೀಗೆ. ಹಿನ್ನೆಲೆ ಬೆಣ್ಣೆಯ ಹಾಗೆ ಕರಗಬೇಕು ಅನ್ನುವವರು ದೊಡ್ಡ ಸೆನ್ಸರಿಗೇ ಹೋಗಿ. ನನಗೆ ಅಕ್ಕನ ಹಿಂದೆ ಕಾಫಿಯ ಸಾಲುಗಳು ಕಾಣಬೇಕಿತ್ತು.

ಮ್ಯಾಕ್ರೋದಲ್ಲಿ, ಅಂದರೆ ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯುವಾಗ, ಈ ಕೊರತೆಯೇ ಅನುಕೂಲ ಆಗುತ್ತದೆ. ಹೂ ಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದಲ್ಲ, ಆ ಎರಡು ಮೂರು ದಿನ ನಾನು ಮನೆಯಲ್ಲಿ ಇರುವುದಿಲ್ಲ. 60 ಎಂಎಂ ಮ್ಯಾಕ್ರೋ ಲೆನ್ಸಿನಲ್ಲಿ ಪೂರ್ತಿ ಹತ್ತಿರ ಹೋದರೆ ಚೌಕಟ್ಟಿಗೆ ಹಿಡಿಯುವುದು 17 ಎಂಎಂ ಅಗಲ. ಒಂದು ಕಾಫಿ ಹೂವೇ ಅದರ ಆಚೆ ಹೋಗುತ್ತದೆ. ಅಷ್ಟು ಹತ್ತಿರದಲ್ಲಿ ಫೋಕಸ್ ಇರುವುದು ಕೂದಲೆಳೆಯಷ್ಟು ಆಳಕ್ಕೆ. ಚಿಕ್ಕ ಸೆನ್ಸರಿನಲ್ಲಿ ಆ ಆಳ ಸ್ವಲ್ಪ ಜಾಸ್ತಿ ಸಿಗುತ್ತದೆ. ಎಫ್ 5.6, ಹೆಚ್ಚೆಂದರೆ 8. ಇನ್ನೂ ಮುಚ್ಚುತ್ತಾ ಹೋದರೆ ಬೆಳಕು ಆ ಸಣ್ಣ ಕಿಂಡಿಯ ಅಂಚಿನಲ್ಲಿ ಹರಡಿ ಚಿತ್ರ ಮೆತ್ತಗಾಗುತ್ತದೆ. ಗಾಳಿ ಏಳುವ ಮೊದಲು, ಬೆಳಗ್ಗೆ ಬೇಗ ಹೋಗಿ. ಜೇನುನೊಣಗಳ ದಾರಿಗೆ ಅಡ್ಡ ನಿಲ್ಲಬೇಡಿ.

ಹಕ್ಕಿ ಬಗ್ಗೆ ಚೀಟಿ ಬರೆದು ಕಳಿಸಿದ್ದಾರೆ. ಚಿಕ್ಕದಾಗಿ ಹೇಳುತ್ತೇನೆ. 150 ಸಾಲುವುದಿಲ್ಲ. ಪ್ಯಾನಸಾನಿಕ್‌ನ 100ರಿಂದ 300 ಇದೆ, ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ತೂಕ, ಫುಲ್ ಫ್ರೇಮಿನ 600ರಷ್ಟು ಉದ್ದ. ಆದರೆ ಹಕ್ಕಿ ತೆಗೆಯುವವರಿಗೆ ಲೆನ್ಸಿಗಿಂತ ಹೆಚ್ಚು ಬೇಕಾದದ್ದು ಕೆರೆ ಏರಿಯ ಮೇಲೆ ಅಲುಗದೆ ಎರಡು ಗಂಟೆ ಕೂರುವುದು.

ಸಕಲೇಶಪುರದ ಮಾತು ಬಂತಲ್ಲ, ಅಲ್ಲಿ ನನಗಾದ ನಷ್ಟವನ್ನು ಹೇಳಲೇಬೇಕು. ಇಲ್ಲಿ ಮಲೆನಾಡಿನ ಕಡೆಯವರು ತುಂಬ ಜನ ಇದ್ದೀರಿ. ನಾನು ಅಲ್ಲಿ ಬಾಡಿಗೆ ಮನೆಯಲ್ಲಿದ್ದಾಗ, ಒಂದು ಮಳೆಗಾಲ ಪೂರ್ತಿ ಕ್ಯಾಮೆರಾ ಮುಟ್ಟಲಿಲ್ಲ. ಜೂನ್‌ನಲ್ಲಿ ಒಂದು ಒಳ್ಳೆಯ ಲೆನ್ಸನ್ನು ಅದರ ಚರ್ಮದ ಚೀಲಕ್ಕೆ ಹಾಕಿ, ಮರದ ಬೀರುವಿನಲ್ಲಿ, ಬಟ್ಟೆಗಳ ಹಿಂದೆ ಭದ್ರವಾಗಿ ಇಟ್ಟೆ. ಅಕ್ಟೋಬರ್‌ನಲ್ಲಿ ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಫಂಗಸ್. ಬೂಷ್ಟು. ರಿಪೇರಿಯವರು ಬಿಚ್ಚಿ ಒರೆಸಿದರು. ಆದರೆ ಬೂಷ್ಟು ಬಿಡುವ ಆಮ್ಲ ಗಾಜಿನ ಲೇಪನವನ್ನು ತಿಂದಿತ್ತು. ಆ ಗುರುತು ಇನ್ನೂ ಇದೆ. ಬೆಳಕಿಗೆ ಎದುರಾಗಿ ತೆಗೆದರೆ ಚಿತ್ರ ಮಂಕಾಗುತ್ತದೆ. ತುಂಬ ನೋವಾಯಿತು.

ನಾನು ಮಾಡಿದ ತಪ್ಪುಗಳು ಮೂರೂ ಒಂದೇ ಕಡೆ ಇದ್ದವು: ಚರ್ಮ ತೇವ ಹಿಡಿದಿಡುತ್ತದೆ, ಬೀರುವಿನೊಳಗೆ ಗಾಳಿ ಆಡುವುದಿಲ್ಲ, ಅಲ್ಲಿ ಕತ್ತಲೆ. ಬೂಷ್ಟಿಗೆ ಇನ್ನೇನು ಬೇಕು? ಈಗ ನಾನು ಅಡುಗೆಮನೆಗೆ ತರುವಂಥ, ಹೊರಗಿನ ತೇವ ಒಳಗೆ ನುಗ್ಗದ ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡಿದ್ದೇನೆ, ಮುಚ್ಚಳಕ್ಕೆ ರಬ್ಬರ್ ಇರುವುದು. ಒಳಗೆ ಸಿಲಿಕಾ ಜೆಲ್. ನೀಲಿ ಹರಳು ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ನೀಲಿಯಾಗಿಸಿ ಹಾಕುತ್ತೇನೆ. ತೇವಾಂಶ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ, ಡಬ್ಬಿಯಲ್ಲಿ ಅದು ಶೇಕಡಾ 40ರಿಂದ 50ರ ನಡುವೆ ಇರಲಿ. ಅಕ್ಕಿಯಲ್ಲಿ ಹೂತಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ, ಅಕ್ಕಿಯ ಪುಡಿ ರಿಂಗಿನೊಳಗೆ ಸೇರುತ್ತದೆ. ಲೆನ್ಸ್ ಜಾಸ್ತಿ ಇರುವವರು ಕರೆಂಟಿನ ಡ್ರೈ ಕ್ಯಾಬಿನೆಟ್ ತಗೊಳ್ಳಿ. ಎಲ್ಲಕ್ಕಿಂತ ಒಳ್ಳೆಯದು, ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು. ಇನ್ನೊಂದು, ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ. ತಣ್ಣಗಿನ ಗಾಜಿನ ಮೇಲೆ ಮಂಜು ಕೂರುತ್ತದೆ. ಚೀಲದಲ್ಲೇ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ.

ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುವಾಗಲೂ ಮೊದಲು ಇದನ್ನೇ ಪರೀಕ್ಷಿಸಿ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಫೋನಿನ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಎರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಎಳೆ ಕಂಡರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಮನೆಯಲ್ಲಿ ಅಪ್ಪನದೋ ಮಾವನದೋ ಹಳೆಯ ಫಿಲ್ಮ್ ಕ್ಯಾಮೆರಾ ಇದೆಯಾ? ಯಾಶಿಕಾ, ಪೆಂಟಾಕ್ಸ್, ನಿಕಾನ್? ಅದರ ಲೆನ್ಸ್ ಬಿಚ್ಚುವಂಥದ್ದಾದರೆ ಎಸೆಯಬೇಡಿ. ಆಗ ಹೇಳಿದ ಅಂತರ ನೆನಪಿಸಿಕೊಳ್ಳಿ: ನಿಕಾನ್‌ನ 46.5ರಲ್ಲಿ ಮೈಕ್ರೋ ಫೋರ್ ಥರ್ಡ್ಸ್‌ನ 19.25 ಕಳೆಯಿರಿ. 27 ಎಂಎಂ ಚಿಲ್ಲರೆ ಜಾಗ ಉಳಿಯುತ್ತದೆ. ಆ ಜಾಗಕ್ಕೆ ಒಂದು ಟೊಳ್ಳು ಲೋಹದ ಬಳೆ ಹಾಕಿದರೆ ಮುಗಿಯಿತು, ನಿಕಾನ್‌ನ ಹಳೆಯ 50 ಎಂಎಂ ನಿಮ್ಮ ಪುಟ್ಟ ಕ್ಯಾಮೆರಾದ ಮೇಲೆ ಕೂರುತ್ತದೆ. ಅಡಾಪ್ಟರ್ ಅಂದರೆ ಅಷ್ಟೇ, ಒಳಗೆ ಗಾಜಿಲ್ಲ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಕ್ಲಿಕ್ ಆಗುವ ಆಯ್ಕೆಯನ್ನು ಆನ್ ಮಾಡಬೇಕು. ಫೋಕಸ್ ಕೈಯಲ್ಲೇ. ಫೋಕಸ್ ಪೀಕಿಂಗ್ ಇದ್ದರೆ, ಫೋಕಸ್ ಆದ ಅಂಚುಗಳು ಪರದೆಯಲ್ಲಿ ಬಣ್ಣದಲ್ಲಿ ಮಿನುಗುತ್ತವೆ. ಅಪ್ಪ ಅಮ್ಮನ ಮದುವೆ ಫೋಟೋ ತೆಗೆದ ಲೆನ್ಸಿನಲ್ಲೇ ಅವರ ಮೊಮ್ಮಗಳನ್ನು ತೆಗೆಯಬಹುದು, ಅಲ್ವಾ?

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಬಾಡಿ ಕೊಂಡರೆ ನೀವು ಒಂದು ಮೌಂಟಿಗೆ ಸೇರಿದ ಹಾಗೆ. ಸ್ಯಾಮ್‌ಸಂಗ್ ಎನ್‌ಎಕ್ಸ್, ನಿಕಾನ್ 1, ಕ್ಯಾನನ್ ಇಎಫ್-ಎಂ, ಮೂರೂ ಒಳ್ಳೆಯ ಪುಟ್ಟ ಕ್ಯಾಮೆರಾಗಳು. ಮೂರನ್ನೂ ಕಂಪನಿಗಳು ನಿಲ್ಲಿಸಿದವು. ಇದ್ದವರ ಕ್ಯಾಮೆರಾ ಇವತ್ತಿಗೂ ಕ್ಲಿಕ್ ಅನ್ನುತ್ತದೆ, ಆದರೆ ಅವಕ್ಕೆ ಕಂಪನಿಯಿಂದ ಹೊಸ ಲೆನ್ಸ್ ಬರುವುದಿಲ್ಲ. ಆದ್ದರಿಂದ ಬಾಡಿಯ ಬೆಲೆ ಕೇಳುವ ಮೊದಲು ಆ ಮೌಂಟಿನ ಎರಡು ಮೂರು ಲೆನ್ಸಿನ ಬೆಲೆ ಕೇಳಿ. ಹಾಸನದಲ್ಲಿ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಸಿಗುತ್ತದಾ, ಸರ್ವಿಸ್ ಎಲ್ಲಿ ಅಂತ ವಿಚಾರಿಸಿ. ದುಡ್ಡು ಕಡಿಮೆ ಇದ್ದರೆ ಎರಡು ತಲೆಮಾರು ಹಿಂದಿನ ಬಾಡಿ ತಗೊಂಡು ಉಳಿದದ್ದನ್ನು ಲೆನ್ಸಿಗೆ ಹಾಕಿ.

ಹಿಂದೆ ಕೂತಿರುವ ತಂಗಿ ಆಗಲೇ ಕೇಳಿದರು, ಫೋನ್ ಇರುವಾಗ ಇದೆಲ್ಲ ಯಾಕೆ ಅಂತ. ಫೋನ್ ಒಳ್ಳೆಯ ಕ್ಯಾಮೆರಾ. ಅಗಲದ ನೋಟಕ್ಕೆ ನಾನೂ ಎಷ್ಟೋ ಸಲ ಅದನ್ನೇ ತೆಗೆಯುತ್ತೇನೆ. ಅದಕ್ಕೇ ನಾನು 14ಕ್ಕಿಂತ ಅಗಲದ ಲೆನ್ಸ್ ಕೊಳ್ಳಲಿಲ್ಲ. ಆದರೆ ಅಂಗಳದಲ್ಲಿ ನಿಂತು ಮದನಿಕೆಯ ಬೆರಳು ನೋಡಬೇಕೆಂದರೆ, ಆರು ಅಡಿ ದೂರದಿಂದ ಒಂದು ಮುಖವನ್ನು ಅದು ಇದ್ದ ಹಾಗೇ ತೆಗೆಯಬೇಕೆಂದರೆ, ಉದ್ದದ ನಿಜವಾದ ಗಾಜು ಬೇಕು. ಫೋನಿನಲ್ಲಿ ನಿಮಗೆ ಯಾವ ದೂರ ಎಟುಕುತ್ತಿಲ್ಲವೋ ಆ ದೂರಕ್ಕೆ ಮೊದಲ ಲೆನ್ಸ್ ಕೊಳ್ಳಿ.

ಮುಂದಿನ ಭಾನುವಾರ ಹಳೇಬೀಡಿಗೆ ಹೋಗುತ್ತಿದ್ದೇವೆ. ಮಧ್ಯಾಹ್ನ 3 ಗಂಟೆಗೆ ಅಲ್ಲಿರಬೇಕು. ಗುಡಿಯ ಬಾಗಿಲು ಪೂರ್ವಕ್ಕೆ, ನಮಗೆ ಬೇಕಾದ ಶಿಲ್ಪದ ಗೋಡೆ ಪಶ್ಚಿಮಕ್ಕೆ. ಇಳಿಬಿಸಿಲು ಆ ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತು ಅದು. ಗೋಡೆ ನಕ್ಷತ್ರದ ಹಾಗೆ ಒಳಗೆ ಹೊರಗೆ ಮಡಿಸಿಕೊಂಡು ಹೋಗುವುದರಿಂದ ಒಂದು ಮಗ್ಗುಲಿಗೆ ಬೆಳಕು, ಪಕ್ಕದ ಮಗ್ಗುಲಿಗೆ ನೆರಳು. ಎಲ್ಲರೂ ಒಂದೇ ಲೆನ್ಸ್ ತನ್ನಿ, ಇದ್ದದ್ದೇ ಸಾಕು. ಜೂಮ್ ಇದ್ದವರು ಒಂದು ಸಂಖ್ಯೆಗೆ ತಿರುಗಿಸಿ ಟೇಪ್ ಹಚ್ಚಿ. ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ, ಜಗತಿಯ ಮೇಲೆ ಒಂದು ಸುತ್ತು, ಅಂಗಳದಲ್ಲಿ ಒಂದು ಸುತ್ತು ನಡೆಯೋಣ. ಕೆಳಗಿನ ಆನೆ ಸಾಲು ತೆಗೆಯಲು ನೆಲಕ್ಕೆ ಕೂರಬೇಕಾಗುತ್ತದೆ, ಹಳೆಯ ಪ್ಯಾಂಟ್ ಹಾಕಿಕೊಂಡು ಬನ್ನಿ.